ತಡವಾಗಿ ಏಳುವ ಗಾಡಿ

ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗುವುದನ್ನು ಯಾವತ್ತು ಬಿಟ್ಟಿತು ಅಂತ ಸ್ವಪ್ನಾಗೆ ಸರಿಯಾಗಿ ನೆನಪಿರಲಿಲ್ಲ. ಕೀ ತಿರುಗಿಸಿದರೆ ಎಂಜಿನ್ ಗುರ್... ಗುರ್... ಎಂದು ಒಲ್ಲದ ಮನಸ್ಸಿನಿಂದ ತಿರುಗುತ್ತಿತ್ತು. ಇನ್ನೇನು ನಿಂತೇಹೋಯಿತು ಅನ್ನುವಷ್ಟರಲ್ಲಿ ಹೊತ್ತಿಕೊಳ್ಳುತ್ತಿತ್ತು. ಬೇರೆ ಮನೆಯಲ್ಲಾಗಿದ್ದರೆ ಅದೊಂದು ಕಿರಿಕಿರಿ, ಅಷ್ಟೇ. ಸ್ವಪ್ನಾ ಮಾತ್ರ ಆ ಸದ್ದು ಕೇಳಿದಾಗಲೆಲ್ಲ ಉಸಿರು ಬಿಗಿಹಿಡಿಯುತ್ತಿದ್ದಳು.

ಅವಳ ಗಂಡ ನಂದೀಶ ಖಾಪರಖೇಡಾದ ವಿದ್ಯುತ್ ಕೇಂದ್ರದಲ್ಲಿ ಗುತ್ತಿಗೆ ಕಂಪನಿಯೊಂದರ ಎಲೆಕ್ಟ್ರಿಕಲ್ ಸೂಪರ್‌ವೈಸರ್. ಮದುವೆಯಾದ ಹೊಸದರಲ್ಲೇ ಇಬ್ಬರೂ ಗದಗಿನಿಂದ ಬಂದು ಇಲ್ಲಿ ಸಂಸಾರ ಹೂಡಿದ್ದರು. ಹೋದ ವರ್ಷ ಅವನ ಎರಡೂ ಕಿಡ್ನಿ ಕೈಕೊಟ್ಟವು. ಅಂದಿನಿಂದ ಡಯಾಲಿಸಿಸ್‌ಗೆಂದು ವಾರಕ್ಕೆ ಮೂರು ಸಲ ಶಹರದೊಳಗಿನ ಬಜಾಜ್ ನಗರದ ಆಸ್ಪತ್ರೆಗೆ ಓಡಾಟ. ಅವನಿಗೆ ಗಾಡಿ ಓಡಿಸುವ ತ್ರಾಣ ಉಳಿಯದೆ ಸ್ವಪ್ನಾನೇ ಡ್ರೈವಿಂಗ್ ಕಲಿತಳು. ಮನೆಯವರ್ಯಾರ ಕಿಡ್ನಿಯೂ ಹೊಂದಲಿಲ್ಲವೆಂದು ಕಸಿಗೆ ಹೆಸರು ನೋಂದಾಯಿಸಿ ಕಾಯುತ್ತಿದ್ದರು.

"ದಾನಿ ಸಿಕ್ಕ ಕೂಡಲೇ ಫೋನ್ ಮಾಡ್ತೀವಿ. ಎಲ್ಲಿದ್ರೂ ಹೊರಟು ಬರಬೇಕು. ತಡ ಆದ್ರೆ ಮುಂದಿನವರಿಗೆ ಹೋಗುತ್ತೆ," ಎಂದು ಆಸ್ಪತ್ರೆಯ ಹೆಣ್ಣುಮಗಳು ಹಿಂದಿಯಲ್ಲಿ ಒತ್ತಿ ಹೇಳಿದ್ದಳು.

ಕ್ಯಾಬ್ ನಂಬುವ ಹಾಗಿರಲಿಲ್ಲ. ಖಾಪರಖೇಡಾ ಅಂದರೆ ಸಾಕು, ದೂರವೆಂದು ಶಹರದ ಡ್ರೈವರ್‌ಗಳು ಬುಕಿಂಗ್ ರದ್ದು ಮಾಡುತ್ತಿದ್ದರು. ಇದ್ದದ್ದು ಈ ಹಳೆಯ ಕಾರೊಂದೇ.

ಮೆಕ್ಯಾನಿಕ್ ದತ್ತು ಬ್ಯಾಟರಿ ಸತ್ತಿದೆ ಅಂದ. ಹೊಸದು ಹಾಕಿಸಿದರು. ಸ್ವಲ್ಪ ದಿನ ಚಲೋ ನಡೆದು ಮತ್ತೆ ಅದೇ ಗುರ್ ಗುರ್. ಬಿಸಿಲಲ್ಲಿ ನಿಂತ ಮೇಲಂತೂ ಇನ್ನೂ ಹೆಚ್ಚು. "ಸ್ಟಾರ್ಟರ್ ಮೋಟರ್ ಬಿಚ್ಚಿ ನೋಡಬೇಕು ಭಾಭಿ. ಗಾಡಿ ಇಲ್ಲೇ ಬಿಟ್ಟು ಹೋಗಿ, ನಾಡಿದ್ದು ಕೊಡ್ತೀನಿ," ಅಂದ ದತ್ತು.

ಸ್ವಪ್ನಾ ಕೀ ಕೊಡದೆ ವಾಪಸು ಬಂದಳು. ಗಾಡಿ ಗ್ಯಾರೇಜಿನಲ್ಲಿರುವಾಗಲೇ ಫೋನ್ ಬಂದರೆ?

ಆ ಭಾನುವಾರ ಬೆಳಿಗ್ಗೆ ಹಾಲಿಗೆಂದು ಹೊರಟಾಗ ಎಂಜಿನ್ ಮೂರು ಸಲ ಕೀ ತಿರುಗಿಸಿದರೂ ಹೊತ್ತಲಿಲ್ಲ. ನಾಲ್ಕನೆಯದಕ್ಕೆ ಹೇಗೋ ಹೊತ್ತಿತು. ಅವಳು ಹಾಲು ಮರೆತು, ಎಂಜಿನ್ ಆರಿಸಿ ಒಳಗೆ ಬಂದು ಕೂತುಬಿಟ್ಟಳು.

"ಏನಾತು?" ಮಂಚದ ಮೇಲಿಂದ ನಂದೀಶ ಕೇಳಿದ.

"ಅದು ಇವತ್ತೋ ನಾಳೆಯೋ ಪೂರ್ತಿ ನಿಲ್ತದ್ರೀ. ಅವತ್ತೇ ಫೋನ್ ಬರ್ತದ. ನನ್ನ ಹಣೇಬರಹ ನನಗ ಗೊತ್ತೈತಿ."

ನಂದೀಶ ಮಂಚದಿಂದ ಕಾಲು ಇಳಿಬಿಟ್ಟ. ಆಮೇಲೆ ಗೋಡೆ ಹಿಡಿದು ಎದ್ದ. "ಒಂದ್ ಕುರ್ಚಿ ಹೊರಗ ಹಾಕು. ಬಾನೆಟ್ ಎತ್ತು. ನೋಡೂಣು."

"ನೀವು ಬಿಸಿಲಾಗ..."

"ನೆರಳಾಗ ಹಾಕು. ದಿನಾ ಇಷ್ಟೊಂದು ಕರೆಂಟಿನ ಕೂಡ ಬಾಳೇ ಮಾಡಿದವ ನಾನು. ಒಂದು ಬ್ಯಾಟರಿ ಕೂಡ ಮಾತಾಡಾಕ ಬರಂಗಿಲ್ಲೇನು?"

ಬಹಳ ದಿನಗಳ ಮೇಲೆ ಅವನ ದನಿಯಲ್ಲಿ ಹಳೆಯ ಗತ್ತು ಕೇಳಿ ಅವಳು ಕುರ್ಚಿ ತಂದಳು.

ಮೊದಲು ಹೆಡ್‌ಲೈಟ್ ಹಾಕಿ ಕೀ ತಿರುಗಿಸಲು ಹೇಳಿದ. ಗಾಡಿಯ ಮೂತಿ ಶೆಡ್ಡಿನ ಒಳಗಡೆಗಿತ್ತು. ಗೋಡೆಯ ಮೇಲೆ ಬಿದ್ದ ಬೆಳಕನ್ನೇ ಅವನು ದಿಟ್ಟಿಸಿದ. ಎಂಜಿನ್ ನರಳಿತು. ಬೆಳಕು ಹಾಗೇ ಇತ್ತು.

"ಬ್ಯಾಟರಿ ಸೋತಿದ್ರ ಲೈಟೂ ಸಣ್ಣಾಗಬೇಕಿತ್ತು. ಮೋಟರ್ ಜಾಮ್ ಆಗಿ ಜಗ್ಗಿದ್ರೂ ಸಣ್ಣಾಗ್ತಿತ್ತು. ಇಲ್ಲಿ ಶಕ್ತಿ ಐತಿ ಸ್ವಪ್ನಾ, ಮೋಟರ್‌ಗೆ ಹೋಗಿ ಮುಟ್ಟವಲ್ದು. ನಡುವ ಎಲ್ಲೋ ತಡೀತೈತಿ."

ಅವನು ಹೇಳಿದಂತೆ ಅವಳು ಬ್ಯಾಟರಿಯ ಕ್ಲಾಂಪುಗಳನ್ನು ಬಿಚ್ಚಿ, ಉಪ್ಪುಕಾಗದದಿಂದ ಉಜ್ಜತೊಡಗಿದಳು. ಒಂದನ್ನು ಸೇರಿಸಿ ಇನ್ನೊಂದನ್ನು ಕೈಯಲ್ಲಿ ಹಿಡಿದಿದ್ದಾಗ ಒಳಗೆ ಫೋನ್ ಬಡಿದುಕೊಂಡಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಆಸ್ಪತ್ರೆಯದೇ. ದಾನಿ ಸಿಕ್ಕಿದ್ದಾರೆ, ಏನೂ ತಿನ್ನದೆ ತಕ್ಷಣ ಬನ್ನಿ, ಇನ್ನೊಬ್ಬರನ್ನೂ ಕರೆದಿದ್ದೇವೆ, ರಕ್ತಪರೀಕ್ಷೆ ನೋಡಿ ಹೇಳುತ್ತೇವೆ. ಸ್ವಪ್ನಾ "ಹಾಂ ಜೀ, ಹಾಂ ಜೀ" ಅನ್ನುತ್ತಲೇ ಹೊರಗೆ ಓಡಿಬಂದಳು. ಕ್ಲಾಂಪಿನ ನಟ್ಟು ಬಿಗಿಯುವಾಗ ಪಾನಾ ಎರಡು ಸಲ ಕೈಜಾರಿತು. ಕೂತು ಕೀ ತಿರುಗಿಸಿದಳು. ಗುರ್... ಗುರ್... ಟಕ್. ಮತ್ತೆ ಬರೀ ಟಕ್.

"ರೀ!" ಅವಳು ಕಣ್ಣೊರೆಸಿಕೊಳ್ಳುತ್ತ ಕೆಳಗಿಳಿದಳು. "ನಾ ಪಕ್ಕದ ಮನ್ಯಾವ್ರನ್ನ ಕೇಳ್ತೀನ್ರೀ."

"ಅವರು ಬೆಳಿಗ್ಗೇನ ಬುಟಿಬೋರಿಗೆ ಹೋದ್ರು. ಅಳಬ್ಯಾಡ. ಡಿಕ್ಕಿಯೊಳಗ ಜಂಪರ್ ಕೇಬಲ್ ಐತಲ್ಲ, ಅದರ ಕರೀ ವೈರ್ ತಾ. ಒಂದು ತುದಿ ಬ್ಯಾಟರಿ ಮೈನಸ್‌ಗೆ ಹಚ್ಚು. ಇನ್ನೊಂದು ಎಂಜಿನ್ ಮ್ಯಾಲಿನ ಆ ಬೋಲ್ಟಿಗೆ. ಬಣ್ಣ ಇರಬಾರದು, ಬರೇ ಕಬ್ಬಿಣ."

"ಯಾಕ?"

"ಎಂಜಿನ್ನಿನ ಅರ್ಥಿಂಗ್ ವೈರ್ ಹೋಗೇತಿ ಅಂತ ಅನಸ್ತದ. ಕರೆಂಟ್ ವಾಪಸ್ ಬರಾಕ ದಾರಿ ಇಲ್ಲ. ನಾವು ಹೊಸಾ ದಾರಿ ಮಾಡಿಕೊಡೂಣು. ಜಲ್ದಿ."

ಅವಳು ಕ್ಲಿಪ್ ಕಚ್ಚಿಸಿದಳು. ಕೀ ತಿರುಗಿಸುವಾಗ ಕಣ್ಣು ಮುಚ್ಚಿಕೊಂಡಿದ್ದಳು. ಎಂಜಿನ್ ಒಂದೇ ಉಸಿರಿಗೆ ಹೊತ್ತಿ ಗರ್ಜಿಸಿತು.

ನಂದೀಶ ಡಯಾಲಿಸಿಸ್ ಸೂಜಿ ಚುಚ್ಚುವ ಎಡಗೈಯನ್ನು ಎದೆಗಾನಿಸಿಕೊಂಡು ಬಲಗೈಯಿಂದ, ಫ್ಯಾನಿಗೆ ತಾಗದ ಹಾಗೆ, ಕೇಬಲ್ ಕಿತ್ತು ಬಾನೆಟ್ ಮುಚ್ಚಿದ.

ದಾರಿಯುದ್ದಕ್ಕೂ ಅವಳಿಗೆ ಒಂದೇ ದಿಗಿಲು, ಎಂಜಿನ್ ಎಲ್ಲಾದರೂ ಆರಿದರೆ? ಎಂಜಿನ್ನಿಗೆ ಭಾರವಾದೀತೆಂದು ಏಸಿ ಹಾಕಲಿಲ್ಲ. ಮಾನಕಾಪುರದ ಸಿಗ್ನಲ್ಲಿನಲ್ಲಿ ಎಕ್ಸಲರೇಟರ್ ಮೇಲಿಂದ ಕಾಲು ತೆಗೆಯಲಿಲ್ಲ. ಮುಂದಿದ್ದ ಆಟೋದವನು ತಿರುಗಿ ನೋಡಿ ಏನೋ ಬೈದ. ನಂದೀಶ ಬೆವರುತ್ತಿದ್ದ. "ಹೆದರಿಕಿ ಆಗ್ತದೇನ್ರೀ?" ಅಂದಳು.

"ಗಾಡೀದಲ್ಲ," ಅಂದ ಅವನು.

ಆಸ್ಪತ್ರೆಯಲ್ಲಿ ರಕ್ತ ತೆಗೆದುಕೊಂಡು ಕಾರಿಡಾರಿನಲ್ಲಿ ಕೂರಿಸಿದರು. ಎದುರು ಬೆಂಚಿನಲ್ಲಿ ಅಮರಾವತಿಯ ಒಬ್ಬ ಹುಡುಗಿ, ಅವಳ ತಾಯಿ. ಕರೆದ ಇನ್ನೊಬ್ಬರು ಇವರೇ ಎಂದು ಹೇಳದೆಯೂ ತಿಳಿಯಿತು. ಸ್ವಪ್ನಾ ಆ ಕಡೆ ನೋಡದಿರಲು ಬಹಳ ಪ್ರಯತ್ನಪಟ್ಟಳು. ಸಂಜೆ ಡಾಕ್ಟರ್ ಬಂದು ಮೊದಲು ಆ ತಾಯಿಯ ಹತ್ತಿರ ನಿಂತಾಗ ಉತ್ತರ ಸಿಕ್ಕಿತು. ಕಿಡ್ನಿ ಹುಡುಗಿಗೆ ಹೆಚ್ಚು ಹೊಂದಿತ್ತು.

ಸ್ವಪ್ನಾಗೆ ಮೊದಲು ಬಂದದ್ದು ಸಿಟ್ಟು. ಯಾರ ಮೇಲೆ ಅಂತ ಅವಳಿಗೇ ಗೊತ್ತಾಗಲಿಲ್ಲ. ಆ ತಾಯಿ ಎದ್ದು ಬಂದು, ತಪ್ಪು ಮಾಡಿದವಳ ಹಾಗೆ ಅವಳ ಮುಂದೆ ನಿಂತು ಅತ್ತಳು. ಸ್ವಪ್ನಾ ತನ್ನ ನೀರಿನ ಬಾಟಲಿಯನ್ನು ಅವಳ ಕೈಗಿಟ್ಟಳು.

ಪಾರ್ಕಿಂಗಿನಲ್ಲಿ ಮತ್ತೆ ಕೇಬಲ್ ಹಚ್ಚಿಯೇ ಹೊರಟರು. ಕೋರಾಡಿ ದಾಟಿತು.

"ನಾವು ಹೊತ್ತಿಗೆ ಸರಿಯಾಗಿ ಮುಟ್ಟಿದ್ವಿ," ಅಂದ ನಂದೀಶ. "ತಡ ಆಗಿ ತಪ್ಪಿದ್ರ ನೀ ಜಲ್ಮಪೂರ್ತಿ ನಿನ್ನನ್ನ ಬೈಕೋತಿದ್ದಿ."

ಅವಳು ಅಳುತ್ತಲೇ ಗಾಡಿ ಓಡಿಸಿದಳು.

ಮರುದಿನ ಬೆಳಿಗ್ಗೆ ದತ್ತು ಮನೆಗೇ ಬಂದು ಗಾಡಿಯ ಕೆಳಗೆ ತೂರಿದ. ಎಂಜಿನ್ನಿನಿಂದ ಗಾಡಿಯ ಕಬ್ಬಿಣದ ಮೈಗೆ ಹೋಗುವ ಅರ್ಥಿಂಗ್ ಪಟ್ಟಿ ತುಕ್ಕು ಹಿಡಿದು ಎಳೆ ಎಳೆಯಾಗಿತ್ತು. "ಬರೋಬರ್ ಹೇಳಿದ್ರಿ ಸಾಹೇಬ್ರ," ಎನ್ನುತ್ತ ಹೊಸದನ್ನು ಬಿಗಿದ. ಡಯಾಲಿಸಿಸ್ ಹೊತ್ತಾಗಿತ್ತು. ಸ್ವಪ್ನಾ ಫೋನಿನ ದನಿ ಪೂರ್ತಿ ಏರಿಸಿ ಬ್ಯಾಗಿಗೆ ಹಾಕಿಕೊಂಡು, ಗಂಡ ಮೆಟ್ಟಿಲಿಳಿಯಲು ತೋಳು ಕೊಟ್ಟಳು.