ಎಲ್ಲೋ ಕೇಳಿದ ಧಾಟಿ

ವಾದ್ಯವೃಂದದವರು ತಮ್ಮನ್ನು ನಡೆಸುವ ಅವಳನ್ನು ಬೆನ್ನ ಹಿಂದೆ ಗುಡುಗಮ್ಮ ಎಂದು ಕರೆಯುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಹಿಡಿಸಿಯೂ ಇತ್ತು. ಅವಳು ತಾಳ ತೋರುವ ಕಡ್ಡಿ ಎತ್ತಿದರೆ ತುತ್ತೂರಿಯವರು ಕೂಡ ಉಸಿರು ಬಿಗಿಹಿಡಿದು ಕೂರುತ್ತಿದ್ದರು.

ಆದರೆ ಅವಳು ಹಂಬಲಿಸಿದ್ದು ವಾದ್ಯವೃಂದ ನಡೆಸುವುದಕ್ಕಲ್ಲ, ಸಂಗೀತ ಬರೆಯುವುದಕ್ಕೆ. ಕಲಿಯುವ ಕಾಲದಲ್ಲಿ ತನ್ನ ಮೊದಲ ಕೃತಿಯನ್ನು ಗುರುಗಳ ಮುಂದಿಟ್ಟಿದ್ದಳು. ಅವರು ಪಿಯಾನೋ ಮೇಲೆ ಒಂದಿಷ್ಟು ನುಡಿಸಿ, "ಚೆನ್ನಾಗಿದೆ. ಆದರೆ ನಿನ್ನದಲ್ಲ, ಯಾರದೋ ಎಂಜಲು," ಎಂದುಬಿಟ್ಟರು. ಆ ಮಾತು ಮುಳ್ಳಿನಂತೆ ನಾಟಿಕೊಂಡಿತು. ಅಂದಿನಿಂದ ಅವಳು ಬೇರೆಯವರು ಬರೆದದ್ದನ್ನೇ ನಡೆಸುತ್ತಾ ಹೆಸರು ಮಾಡಿದಳು. ತಲೆಗೂದಲು ನರೆತ ಮೇಲೆ, ಒಂದು ಬೆಳಿಗ್ಗೆ ಬಟ್ಟೆ ಒಣಹಾಕುವಾಗ ಒಂದು ಧಾಟಿ ತಾನಾಗಿಯೇ ಬಾಯಿಗೆ ಬಂತು. ಒದ್ದೆ ಕೈಯಲ್ಲೇ ಬರೆದುಕೊಂಡಳು. ಅದೇ ಬೆಳೆದು ಒಂದು ಇಡೀ ಕೃತಿಯಾಯಿತು.

ಮೊದಲ ತಾಲೀಮಿನ ದಿನ ಚೆಲ್ಲೋ ಎಂಬ ದೊಡ್ಡ ಪಿಟೀಲಿನವರು ಆ ಧಾಟಿಯನ್ನು ನಿಧಾನವಾಗಿ ಎತ್ತಿಕೊಂಡರು. ಹಿಂದಿನ ಸಾಲಿನಲ್ಲಿ ಆಳೆತ್ತರದ ಪಿಟೀಲು ನುಡಿಸುವ ತಾತ ಕಮಾನು ಕೆಳಗಿಳಿಸಿದರು.

"ಇದನ್ನ ಎಲ್ಲೋ ಕೇಳಿದ್ದೀನಮ್ಮ."

ಅವಳು ಕಡ್ಡಿಯನ್ನು ಅಲ್ಲೇ ತಡೆದಳು. "ಎಲ್ಲಿ ತಾತ?"

"ಅದೇ ನೆನಪಾಗ್ತಿಲ್ಲ. ಆದ್ರೆ ಒಂದ್ಸಲ ಅಲ್ಲ, ಬೇಕಾದಷ್ಟು ಸಲ ಕೇಳಿದ್ದೀನಿ."

ಅವಳು ಕಡ್ಡಿಯನ್ನು ಸ್ಟ್ಯಾಂಡಿನ ಮೇಲೆ ಎಸೆದು, ಯಾರ ಮುಖವನ್ನೂ ನೋಡದೆ ಹೊರಟುಹೋದಳು.

ಮನೆಗೆ ಬಂದವಳು ಕಪಾಟಿನಲ್ಲಿದ್ದ ಸ್ವರಲಿಪಿಗಳನ್ನೆಲ್ಲ ನೆಲಕ್ಕೆ ಸುರಿದಳು. ಅವಳ ಜೊತೆಗಿದ್ದ ಅಕ್ಕ, ಹೊಲಿಗೆ ಕೆಲಸದವಳು, ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಾಗಿಲಲ್ಲಿ ನಿಂತಳು.

"ಏನೇ ಇದು, ಮನೆ ಸಂತೆ ಮಾಡಿದ್ದೀಯ?"

"ಕದ್ದಿದ್ದೀನಿ ಕಣಕ್ಕ. ಯಾರದ್ದು ಅಂತ ಹುಡುಕ್ತಿದ್ದೀನಿ."

"ಯಾರದ್ದು ಅಂತಾನೇ ಗೊತ್ತಿಲ್ದೆ ಕದಿಯೋ ಕಳ್ಳೀನ ಇವತ್ತೇ ನೋಡಿದ್ದು. ಎದ್ದು ಊಟ ಮಾಡು."

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಎಷ್ಟು ತಡಕಿದರೂ ಆ ಧಾಟಿ ಸಿಗಲಿಲ್ಲ. ಸಿಗದೇ ಇದ್ದದ್ದಕ್ಕೇ ಇನ್ನಷ್ಟು ದಿಗಿಲಾಯಿತು.

ಮುಂದಿನ ತಾಲೀಮಿಗೆ ಹೋದವಳೇ ಹೇಳಿಬಿಟ್ಟಳು: "ನನ್ನ ಕೃತಿ ಬೇಡ. ಹಳೇದೇ ತೆಗೀರಿ."

ಕಾಗದಗಳು ಸರಸರ ಸದ್ದು ಮಾಡಿದವು, ಒಬ್ಬರಾದ ಮೇಲೊಬ್ಬರು ಶ್ರುತಿ ನೋಡಿಕೊಂಡರು. ಅವಳು ಕನ್ನಡಕ ಏರಿಸಿಕೊಂಡು ಶುರುಮಾಡಬೇಕಾದ ಪುಟವನ್ನು ಹುಡುಕತೊಡಗಿದಳು.

"ಹಾ! ಸಿಕ್ತು!" ತಾತ ಕೂಗಿದ ಜೋರಿಗೆ ಡೋಲಿನವನು ಬೆಚ್ಚಿಬಿದ್ದ. "ಇದೇ ಕಣಮ್ಮ! ಈಗ ಹಾಡಿದ್ರಲ್ಲ, ಅದೇ!"

"ನಾನೆಲ್ಲಿ ಹಾಡಿದೆ?"

ಕೊಳಲಿನವಳು ಧೈರ್ಯ ಮಾಡಿದಳು. "ಪುಟ ಹುಡುಕುವಾಗೆಲ್ಲ ಗುನುಗ್ತೀರಿ ಮೇಡಂ. ನಾನು ಸೇರಿದಾಗಿನಿಂದ ಕೇಳ್ತಿದ್ದೀನಿ. ನಮಗೆಲ್ಲ ಬಾಯಿಪಾಠ."

"ಮತ್ತೆ ಅವತ್ತೇ ಹೇಳೋಕೇನಾಗಿತ್ತು?"

"ಬಾಯಿ ತೆಗೆಯೋಷ್ಟರಲ್ಲಿ ನೀವು ಬಾಗಿಲು ದಾಟಿದ್ರಿ. ಆಮೇಲೆ... ನೀವು ಗುನುಗ್ತೀರಿ ಅಂತ ನಿಮಗೇ ಹೇಳೋಕೆ ಯಾರಿಗೆ ಎಂಟೆದೆ ಇದೆ ಮೇಡಂ?"

ಮೊದಲು ನಕ್ಕವರು ತಾತ. ಆಮೇಲೆ ಇಡೀ ಸಭಾಂಗಣ ನಕ್ಕಿತು. ಗುಡುಗಮ್ಮ ನಿಂತ ಮಣೆಯ ಮೇಲೇ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬರೆಯುವುದನ್ನು ಬಿಟ್ಟೆನೆಂದುಕೊಂಡ ಅಷ್ಟೂ ವರ್ಷ ಅವಳೊಳಗೆ ಯಾರೋ ಬರೆಯುತ್ತಲೇ ಇದ್ದರು. ಕಿವಿ ಕೊಡದಿದ್ದವಳು ಅವಳೊಬ್ಬಳೇ.

ಸಂಜೆ ವಿಷಯ ತಿಳಿದ ಅಕ್ಕ, "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ಲಂತೆ," ಎಂದು ಎರಡು ಸಲ ಬಡಿಸಿದಳು. ಅವಳು ಎರಡು ಸಲವೂ ಬೇಡ ಎನ್ನಲಿಲ್ಲ.

ಕಛೇರಿಯ ದಿನ ಅವಳ ಕೃತಿ ನುಡಿಸುವಾಗ ತುತ್ತೂರಿಯವನೊಬ್ಬ ಒಂದು ಕಡೆ ಜಾರಿದ. ಗುಡುಗಬೇಕಾದವಳು ಹುಬ್ಬು ಹಾರಿಸಿ ಮುಂದೆ ಸಾಗಿದಳು. ನಿಧಾನದ ಭಾಗ ಬಂದಾಗ ತಾತನ ಕಮಾನಿನ ನಾದ ನೆಲದಾಳದಿಂದ ಎದ್ದು ಬಂದಂತೆ ಚೆಲ್ಲೋಗಳ ಕೆಳಗೆ ಹಾಸಿಕೊಂಡಿತು. ಕೊನೆಯ ಸ್ವರ ಆರಿ ಚಪ್ಪಾಳೆ ಶುರುವಾದಾಗ ಅವಳು ತಾತನನ್ನು ಮುಂದೆ ಕರೆದಳು. ಅಷ್ಟು ದೊಡ್ಡ ವಾದ್ಯ ಬಿಟ್ಟು ಹೇಗೆ ಬರಲಿ ಎಂದು ಅವರು ಸನ್ನೆ ಮಾಡಿದರು. ಅವಳೇ ಕುರ್ಚಿಗಳ ನಡುವೆ ನುಸುಳಿಕೊಂಡು ಹಿಂದಿನ ಸಾಲಿಗೆ ಹೋಗಿ ಅವರ ಪಕ್ಕ ನಿಂತಳು.