ಕೆಳಗಿನ ಬಡಿತ

ಆ ಶೆಡ್ಡಿನ ಮೇಸ್ತ್ರಿಗೆ ಕಿವಿ ಮೇಸ್ತ್ರಿ ಎಂದೇ ಹೆಸರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ಕಿವಿಗೆ ಆನಿಸಿದನೆಂದರೆ ಮುಗಿಯಿತು, ಒಳಗೆ ಸವೆದದ್ದು ಯಾವುದು ಎಂದು ಪಟ್ಟನೆ ಹೇಳಿಬಿಡುತ್ತಿದ್ದ. ಆ ಹೆಸರು ಕೇಳಿಯೇ ದೂರದೂರದ ಹಳೇ ಕಾರುಗಳು ಅಲ್ಲಿಗೆ ಬರುತ್ತಿದ್ದವು.

ಅವನ ಕಿವಿ ಮಂದವಾಗಿ ಒಂದು ವರ್ಷವಾಗಿತ್ತು. ಜೊತೆಗೇ ಕೆಲಸ ಮಾಡುವ ಮಗಳಿಗೂ ಅವನು ಅದನ್ನು ಹೇಳಿರಲಿಲ್ಲ. ಕಿವಿ ಹೋದ ಮೇಲೆ ಕಿವಿ ಮೇಸ್ತ್ರಿಯಲ್ಲಿ ಉಳಿಯುವುದೇನು?

ಬೆಳಿಗ್ಗೆ ಟ್ಯಾಕ್ಸಿಯವನು ತನ್ನ ಕಾರು ತಂದು ನಿಲ್ಲಿಸಿದ.

"ನೋಡಿ ಮೇಸ್ತ್ರಿ, ನಮ್ಮಕ್ಕ ಯಾಕೋ ಬಡ್ಕೊಳ್ತಿದ್ದಾಳೆ."

"ಕಾರಿಗೆ ಅಕ್ಕ ಅಂತಾರೇನಣ್ಣ?" ಮಗಳು ನಕ್ಕಳು.

"ನನಗಿಂತ ಮೂರು ವರ್ಷ ದೊಡ್ಡೋಳಮ್ಮ. ಮರ್ಯಾದೆ ಕೊಡ್ದಿದ್ರೆ ನಡುರಸ್ತೇಲಿ ಮುನಿಸ್ಕೊಳ್ತಾಳೆ."

ಮಗಳು ಕಾರಿನೊಳಗೆ ಕೂತು ಇಂಜಿನ್ ಚಾಲೂ ಮಾಡಿದಳು. ಮೇಸ್ತ್ರಿ ಬಾಗಿ ಸ್ಕ್ರೂಡ್ರೈವರ್ ಇಟ್ಟ. ಮೇಲ್ಭಾಗದಲ್ಲಿ ಏನೂ ಇಲ್ಲ. ತುದಿಯನ್ನು ಕೆಳಭಾಗಕ್ಕಿಟ್ಟು ಕಿವಿಯನ್ನು ಇನ್ನಷ್ಟು ಬಿಗಿಯಾಗಿ ಒತ್ತಿದ. ಧಕ್, ಧಕ್, ಧಕ್. ಭಾರವಾದ ಬಡಿತ. ಅಬ್ಬಾ, ಕೇಳಿಸಿತು. ಅವನ ಎದೆ ಹಗುರಾಯಿತು.

"ಆಕ್ಸಿಲೇಟರ್ ತುಳಿ," ಅಂದ.

ಮಗಳು ತುಳಿದಳು. ಇಂಜಿನ್ ಗದರಿತು. ಬಡಿತ ಮಾತ್ರ ಇದ್ದ ವೇಗದಲ್ಲೇ ಇತ್ತು. ವಿಚಿತ್ರ ಅನ್ನಿಸಿತು, ಆದರೆ ಸಿಕ್ಕಿದ ಸದ್ದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

"ಕೆಳಗಡೆ ಬೇರಿಂಗ್ ಹೋಗಿದೆ. ಇಂಜಿನ್ ಇಳಿಸ್ಬೇಕು."

ಮಗಳು ಕಾರಿನಿಂದಿಳಿದು ಹತ್ತಿರ ಬಂದಳು. "ಅಪ್ಪಾ, ನಂಗೆ ಮೇಲ್ಗಡೆ ಟಿಕ್ ಟಿಕ್ ಅಂತಿದೆ. ವಾಲ್ವ್ ಸಡಿಲ ಅಷ್ಟೇ ಅನ್ಸುತ್ತೆ. ಒಂದು ಗಂಟೆ ಕೆಲ್ಸ."

"ಮೊನ್ನೆ ಮೊನ್ನೆ ಸ್ಪ್ಯಾನರ್ ಹಿಡಿದೋಳು ನಂಗೆ ಪಾಠ ಹೇಳ್ತೀಯಾ?"

"ಮೇಸ್ತ್ರಿ ಕಿವಿ ಹೇಳಿದ್ಮೇಲೆ ಅಪೀಲಿಲ್ಲ ಬಿಡಮ್ಮ," ಎಂದು ಟ್ಯಾಕ್ಸಿಯವನು ಹೊರಗಿನ ಬೆಂಚಿನ ಮೇಲೆ ಕೂತ.

ಮಧ್ಯಾಹ್ನದ ಹೊತ್ತಿಗೆ ಬಿಚ್ಚಿದ ಇಂಜಿನ್ ನೆಲದ ಮೇಲೆ ಹರಡಿತ್ತು. ಮಗಳು ಬೇರಿಂಗುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿ ಅವನ ಮುಂದೆ ಇಟ್ಟಳು. ನಾಲ್ಕೂ ಕನ್ನಡಿಯಂತೆ ಹೊಳೆಯುತ್ತಿದ್ದವು. ಒಂದು ಗೀರೂ ಇಲ್ಲ. ಅವಳು ಪಕ್ಕದ ನಟ್ಟುಗಳನ್ನು ಒರೆಸತೊಡಗಿದಳು. ಬೈದಿದ್ದರೂ ವಾಸಿಯಿತ್ತು.

ಹಾಗಾದರೆ ಆ ಬಡಿತ? ತನ್ನ ಕಿವಿಯಾರೆ ಕೇಳಿದ್ದನಲ್ಲ. ಮೇಸ್ತ್ರಿ ಮೊಣಕಾಲೂರಿ ಕೂತು, ಬರಿದಾದ ತಣ್ಣನೆಯ ಕಬ್ಬಿಣಕ್ಕೆ ಸ್ಕ್ರೂಡ್ರೈವರ್ ಒತ್ತಿ, ಹಿಡಿಗೆ ಕಿವಿ ಕೊಟ್ಟ.

ಧಕ್, ಧಕ್, ಧಕ್.

ಅದೇ ಸದ್ದು. ಅದೇ ವೇಗ. ಅವನ ಇನ್ನೊಂದು ಕೈ ತಾನಾಗಿ ಕತ್ತಿನ ನರದ ಮೇಲೆ ಹೋಯಿತು. ಬೆರಳಿನ ಕೆಳಗೂ ಅದೇ ಲೆಕ್ಕದಲ್ಲಿ ಬಡಿಯುತ್ತಿತ್ತು. ಇಷ್ಟು ದಿನ ಅವನು ಕೇಳುತ್ತಿದ್ದದ್ದು ತನ್ನದೇ ರಕ್ತದ ಸದ್ದು. ಕಳೆದ ತಿಂಗಳು ಇದೇ ಬಡಿತ ಕೇಳಿ ಬಿಚ್ಚಿದ ವ್ಯಾನು ನೆನಪಾಯಿತು. ಅದರ ಬೇರಿಂಗುಗಳಲ್ಲಿ ಕೂದಲೆಳೆಯಷ್ಟು ಗೀರು ಸಿಕ್ಕಿದ್ದಕ್ಕೆ ಎಷ್ಟು ಬೀಗಿದ್ದ. ಅದಕ್ಕಿಂತ ಹಿಂದಿನದು? ಅದರ ಹಿಂದಿನದು?

"ಇಂಜಿನ್ ಓಡ್ತಿಲ್ಲ ಅಪ್ಪಾ," ಮಗಳು ಅವನ ಭುಜ ಮುಟ್ಟಿ ಹೇಳಿದಳು. "ಏನ್ ಕೇಳ್ತಿದ್ದೀಯ?"

ಅವನು ತಲೆಯೆತ್ತಿದ. ಟ್ಯಾಕ್ಸಿಯವನು ಬಾಗಿಲಲ್ಲಿ ನಿಂತಿದ್ದ. ಅವನ ತುಟಿ ಅಲ್ಲಾಡುವುದಷ್ಟೇ ಮೇಸ್ತ್ರಿಗೆ ಕಂಡಿತು. ಏನು ಕೇಳುತ್ತಿದ್ದಾನೆಂದು ತಿಳಿಯಲು ಕಿವಿ ಬೇಕಿರಲಿಲ್ಲ.

"ಬೇರಿಂಗೇ," ಅಂದ ಮೇಸ್ತ್ರಿ. "ನಾಲ್ಕೂ ಹೋಗಿವೆ."

ಮಗಳು ಅಪ್ಪನ ಮುಖ ನೋಡಿದಳು. ಆಮೇಲೆ ಬಾಗಿಲಿಗೆ ಬೆನ್ನು ಮಾಡಿ, ಹೊಳೆಯುವ ಆ ನಾಲ್ಕನ್ನೂ ಗ್ರೀಸ್ ಬಟ್ಟೆಯೊಳಗೆ ಸುತ್ತಿ ಜೇಬಿಗಿಟ್ಟುಕೊಂಡಳು.