ಹೌದು ಅನ್ನುವ ಬಾಯಿ

ಸೈನಿಕ ಕೋರ್ಟಿನ ಅಧ್ಯಕ್ಷರ ಮೀಸೆಯಲ್ಲಿ ಚಹಾದ ಜೊತೆ ತಿಂದ ಕರಿಪಫ್ಫಿನ ಚೂರೊಂದು ಸಿಕ್ಕಿಕೊಂಡಿದೆ, ಅವರು ಉಸಿರು ಬಿಟ್ಟಾಗಲೆಲ್ಲ ನಡುಗುತ್ತದೆ, ಬೀಳುವುದಿಲ್ಲ, ಕರ್ನಲ್ ಸಾಹೇಬರೇ ಮೀಸೆ ಒರೆಸಿಕೊಳ್ಳಿ ಅನ್ನುವ ಧೈರ್ಯ ಈ ಕೋಣೆಯಲ್ಲಿ ಯಾರಿಗೂ ಇಲ್ಲ, ನನಗಂತೂ ಇಲ್ಲವೇ ಇಲ್ಲ, ನಾನು ಆರೋಪಿ, ಟೋಪಿ ತೆಗೆಸಿ ಬೆಲ್ಟ್ ಬಿಚ್ಚಿಸಿ ನಿಲ್ಲಿಸಿದ್ದಾರೆ, ಪ್ಯಾಂಟು ಜಾರಿದರೆ ಅದಕ್ಕೂ ಒಂದು ಚಾರ್ಜ್ ಹಾಕುತ್ತಾರೋ ಏನೋ — ನಗಬೇಡ ಭುವನ್, ಪಕ್ಕದ ಮೇಜಿನಲ್ಲಿ ವೇದಕ್ಕ ಕೂತಿದ್ದಾರೆ, ನಿನ್ನ ವಕೀಲರು, ನೋಡುತ್ತಿದ್ದಾರೆ. ಒಂದು ಕಾಲದಲ್ಲಿ ಅವರು ಮೇಜರ್ ವೇದವತಿ, ಇದೇ ಸೈನ್ಯದ ವಕೀಲರು, ಎದುರಿನ ಮೇಜಿನಿಂದ ನನ್ನಂಥವರನ್ನು ಜೈಲಿಗೆ ಕಳಿಸುತ್ತಿದ್ದವರು, ಈಗ ಸಮವಸ್ತ್ರ ಕಳಚಿ ಕಪ್ಪು ಕೋಟು ಹಾಕಿ ನಮ್ಮ ಕಡೆ ಬಂದು ಕೂತಿದ್ದಾರೆ. ಗುಮಾಸ್ತ ಆರೋಪ ಓದುತ್ತಿದ್ದಾನೆ, ಮಲಯ್ ಭಾಷೆಯಲ್ಲಿ, ಮೂಗಿನಿಂದ — ಸರ್ಕಾರದ ಲಾರಿಯನ್ನು ಅಜಾಗರೂಕತೆಯಿಂದ ನಿಲ್ಲಿಸಿ, ಅದು ಇಳಿಜಾರಿನಲ್ಲಿ ಉರುಳಿ, ಆಫೀಸರ್ಸ್ ಮೆಸ್ಸಿನ ಅಡುಗೆಮನೆಯ ಗೋಡೆಯನ್ನು ಕೆಡವಿ — ಹಂಡೆಯ ವಿಷಯ ಬಿಟ್ಟೇಬಿಟ್ಟ, ಅಸಲಿ ಅಪರಾಧ ಅದೇ ಅಲ್ಲವೇ, ಹಬ್ಬಕ್ಕೆ ಬೆಳಗಿನಿಂದ ಬೆಂದ ಮಾಂಸದ ರೆಂಡಾಂಗ್, ಲಾರಿಯ ಮೂತಿ ಗೋಡೆ ಒಡೆದು ಒಳಗೆ ಇಣುಕಿದ್ದೇ ತಡ ಹಂಡೆ ಮಗುಚಿ ನೆಲವೆಲ್ಲ ತೆಂಗಿನ ಮಸಾಲೆ, ಯಾರಿಗೂ ಒಂದು ಗೀರೂ ಆಗಲಿಲ್ಲ, ಕ್ಯಾಂಪಿನ ಬೆಕ್ಕುಗಳಿಗೆ ಮಾತ್ರ ಆ ದಿನ ನಿಜವಾದ ಹಬ್ಬ, ಆಫೀಸರುಗಳೆಲ್ಲ ಹೊಸ ಬಟ್ಟೆ ತೊಟ್ಟು ಬಂದು ಬಿಸ್ಕತ್ತು ತಿಂದು ಹೋದರು, ಹೊಟ್ಟೆ ಹಸಿದ ಆಫೀಸರನಿಗಿಂತ ಕೆಟ್ಟ ಪ್ರಾಣಿ ಇನ್ನೊಂದಿಲ್ಲ.

ಅಜಾಗರೂಕತೆಯಂತೆ! ಹ್ಯಾಂಡ್‌ಬ್ರೇಕ್ ಹಿಡಿಯುತ್ತಿಲ್ಲ ಅಂತ ಸಾರ್ಜೆಂಟ್ ದೇವೇಂದ್ರನಿಗೆ ಎಷ್ಟು ಸಲ ಹೇಳಿದೆ, ಅವನು ಹಲ್ಲುಕಡ್ಡಿ ಆಡಿಸುತ್ತ ನಿಲ್ಲತ್ತೆ ಲಾ, ಚಕ್ರಕ್ಕೆ ಕಲ್ಲು ಕೊಡು ಸಾಕು ಅಂದ, ಕಲ್ಲು ಕೊಟ್ಟೆ, ಪರೇಡಿಗೆ ಅಂಗಳ ಚೊಕ್ಕ ಕಾಣಬೇಕು ಅಂತ ಅವನೇ ಆಳುಗಳಿಂದ ಕಲ್ಲೆಲ್ಲ ಎತ್ತಿಸಿದ, ಈಗ ಅಲ್ಲಿ ಹಿಂದಿನ ಸಾಲಿನಲ್ಲಿ ಸಾಕ್ಷಿಯಾಗಿ ಕೂತಿದ್ದಾನೆ, ಬೂಟಿಗೆ ಎಂಥ ಪಾಲಿಶ್, ಅದರಲ್ಲಿ ಮುಖ ನೋಡಿಕೊಂಡು ಉಗಿದುಕೋ. ಕೋಪ ಅವನ ಮೇಲೆ ಅರ್ಧ, ಇನ್ನರ್ಧ ನನ್ನ ಈ ಬಾಯಿಯ ಮೇಲೆ. ತನಿಖೆಯ ದಿನ ಕ್ಯಾಪ್ಟನ್ ಕೇಳಿದರು, ಬ್ರೇಕ್ ಸರಿಯಿಲ್ಲ ಅಂತ ಗೊತ್ತಿತ್ತೇ, ಯಾ ತುವಾನ್, ಹೌದು ಸಾರ್, ಆದರೂ ಅಲ್ಲೇ ನಿಲ್ಲಿಸಿದೆಯಾ, ಯಾ ತುವಾನ್, ಹಾಗಾದರೆ ತಪ್ಪು ನಿನ್ನದೇ, ಯಾ ತುವಾನ್ — ಹಿಮ್ಮಡಿ ಜೋಡಿಸಿ, ಗಲ್ಲ ಎತ್ತಿ, ಗಂಟಲು ಬಿರಿಯುವ ಹಾಗೆ, ತರಬೇತಿಯ ಮೈದಾನದಲ್ಲಿ ಬಿಸಿಲಿಗೆ ನಿಲ್ಲಿಸಿ ಕಲಿಸಿದ್ದೇ ಅದು, ಮೇಲಿನವರು ಕೇಳಿದರೆ ಮೊದಲು ಯಾ ತುವಾನ್, ಯೋಚನೆ ಆಮೇಲೆ, ಯೋಚನೆ ಬರುವಷ್ಟರಲ್ಲಿ ಕ್ಯಾಪ್ಟನ್ ಎದ್ದು ಊಟಕ್ಕೆ ಹೋಗಿದ್ದರು. ಅಮ್ಮ ಕೇಳಿ ತಲೆ ಚಚ್ಚಿಕೊಂಡಳು, ಮನೇಲಿ ನನ್ನ ಮುಂದೆ ಎಲ್ಲಾದಕ್ಕೂ ಇಲ್ಲ, ಸ್ನಾನಕ್ಕೆ ಹೋಗೋ ಅಂದ್ರೆ ಇಲ್ಲ, ಉಪ್ಪಿಟ್ಟು ತಿನ್ನೋ ಅಂದ್ರೆ ಇಲ್ಲ, ಅಲ್ಲಿ ಹೋಗಿ ಗಿಣಿ ಆದ್ಯೇನೋ? ನಿಜವೇ ಅಮ್ಮ, ಹೆಡ್‌ಮಾಸ್ಟರಿಗೇ ಇಲ್ಲ ಅಂದು ಬ್ಯಾಗು ಎಸೆದು ಫಾರ್ಮ್ ತ್ರೀಯಲ್ಲೇ ಶಾಲೆ ಬಿಟ್ಟವನು ನಾನು, ಆ ಇಲ್ಲ ಎಲ್ಲಿ ಹೋಯಿತು, ಈ ಕೆಲಸ ಹೋದರೆ ಸ್ಟೇರಿಂಗ್ ಬಿಟ್ಟು ಬೇರೇನೂ ಗೊತ್ತಿಲ್ಲದ ಈ ಕೈಗೆ, ಸೈನ್ಯ ಒದ್ದು ಹೊರಹಾಕಿದ ಡ್ರೈವರನಿಗೆ, ಯಾರು ಲಾರಿ ಕೊಡುತ್ತಾರೆ?

ಬ್ರಿಕ್‌ಫೀಲ್ಡ್ಸ್‌ನಲ್ಲಿ ಸೀರೆ ಅಂಗಡಿಯ ಮೇಲೆ ವೇದಕ್ಕನ ಆಫೀಸು, ಮೆಟ್ಟಿಲ ಮೇಲೆ ಯಾವಾಗಲೂ ಸಿಪಾಯಿಗಳ ಬೂಟಿನ ಸಾಲು, ಸೀರೆ ಕೊಳ್ಳಲು ಬಂದ ಹೆಂಗಸರು ದಾಟಿಕೊಂಡು ಹೋಗುತ್ತ ಒಳಗೇನು ಯುದ್ಧವೋ ಅಂತ ನಗುತ್ತಾರೆ. ನನ್ನ ಕಥೆ ಕೇಳಿ ಅವರು ಕನ್ನಡಕ ತೆಗೆದಿಟ್ಟು, ಅಯ್ಯೋ ಮಾರಾಯ, ಇನ್ನೊಂದು ಗಿಣಿ ಬಂತಾ ಅಂದರು, ಅಪ್ಪ ಮಣಿಪಾಲದ ಡಾಕ್ಟರು, ಇವರು ಈ ಮಲಯ್ ನಾಡಲ್ಲೇ ಹುಟ್ಟಿದರೂ ಮಾತು ಮಾತ್ರ ಇನ್ನೂ ಆ ಕಡೆಯದೇ. ಮೊದಲ ಗಿಣಿ ಯಾರು ಪುವಾನ್ ಅಂದೆ, ಹೆಂಗಸು ಆಫೀಸರನ್ನು ಹಾಗೇ ಕರೆಯಬೇಕಲ್ಲ. ಪುವಾನ್ ಗೀವಾನ್ ಬೇಡ, ಅಕ್ಕ ಅನ್ನು, ಅಂತ ಬೈದು ಹೇಳಿದರು — ನಾನು ಮೇಜರ್ ಆಗಿದ್ದಾಗ ಒಬ್ಬ ಸಿಪಾಯಿಯ ಕೇಸು, ಎಲ್ಲದಕ್ಕೂ ಯಾ ಅಂದ, ಚಹಾ ಆರುವುದರೊಳಗೆ ತೀರ್ಪು ಆಯಿತು, ಎಲ್ಲರೂ ನನ್ನ ಬೆನ್ನು ತಟ್ಟಿದರು, ಹೊರಗೆ ವರಾಂಡದಲ್ಲಿ ಅವನನ್ನು ಕಂಡು ಊಟ ಆಯ್ತಾ ಅಂತ ಕೇಳಿದೆ, ಯಾ ಪುವಾನ್ ಅಂದ, ಅವನ ಹೊಟ್ಟೆ ಗುರ್ ಅನ್ನುವುದು ನನಗೇ ಕೇಳ್ತಿತ್ತು ಮಾರಾಯ, ಇವತ್ತು ಭಾನುವಾರ ಅಲ್ವಾ ಅಂದೆ, ಯಾ ಪುವಾನ್, ಬುಧವಾರ ಅದು, ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ, ನಾನು ಇಷ್ಟು ದಿನ ಗೆದ್ದದ್ದು ಎಂತದ್ದು ಅಂತ. ಆಮೇಲೆ ರಾಜೀನಾಮೆ, ಅಪ್ಪ ನಿಂಗೆ ಎಂತ ಮರುಳಾ ಅಂತ ಕೂಗಾಡಿದ್ದು, ಮೊದಲು ಆ ಸಿಪಾಯಿಯದೇ ಮೇಲ್ಮನವಿ, ಅವನೇ ಇನ್ನೊಬ್ಬನನ್ನು ಕರೆತಂದದ್ದು, ಅವನು ಮತ್ತೊಬ್ಬನನ್ನು — ಹೀಗೆ ಈ ಬೂಟಿನ ಸಾಲು.

ಆಮೇಲೆ ನನ್ನ ತರಬೇತಿ, ಕೆಳಗಿನ ಮಾಮಾಕ್ ಚಹಾ ಅಂಗಡಿಯ ಬೆಂಚಿನಲ್ಲಿ, ಸಂಜೆ ಜನ ತುಂಬಿರುವಾಗ. ವೇದಕ್ಕ ಥಟ್ಟನೆ ಮೇಜರ್ ದನಿ ತೆಗೆಯುತ್ತಾರೆ, ಡ್ರೈವರ್ ಭುವನ್! ನನ್ನ ಮೊಣಕಾಲು ತಾನಾಗಿ ನೆಟ್ಟಗಾಗುತ್ತದೆ, ಚಂದ್ರನನ್ನು ಕದ್ದವನು ನೀನೇ ತಾನೇ? ಯಾ ಪುವಾನ್! ಇಡೀ ಅಂಗಡಿ ಹೋ ಅಂತ ನಗುತ್ತದೆ, ಒಂದು ಯಾ ಅಂದರೆ ಒಂದು ತೆ ತಾರಿಕ್ ಕುಡಿಯಬೇಕು, ಅದು ಶಿಕ್ಷೆ, ಚಹಾ ಎತ್ತಿ ಹೊಯ್ಯುವ ರಾಮದಾಸ ಕೇಳದೆಯೇ ನೊರೆ ಗ್ಲಾಸು ತಂದಿಡುತ್ತಾನೆ, ತಗೋ ಕಳ್ಳ, ಚಂದ್ರನ ಹಾಲಲ್ಲೇ ಮಾಡಿದ್ದು. ಮೆಸ್ಸಿನ ಬೆಕ್ಕುಗಳನ್ನು ನೀನೇ ಹೆತ್ತೆಯಾ? ಯಾ ಪುವಾನ್! ಇನ್ನೊಂದು ಗ್ಲಾಸು. ಹೊಟ್ಟೆ ತಮಟೆಯಾಯಿತು, ಮೂತ್ರಕ್ಕೆ ಓಡಿದೆ, ಬಾಗಿಲ ಹೊರಗಿನಿಂದಲೂ ವೇದಕ್ಕ, ಡ್ರೈವರ್, ಗೋಡೆ ಒಡೆದ ತಪ್ಪು ನಿನ್ನದಾ? — ಒಳಗಿಂದ ನಾನು, ತಿಡಾಕ್! ಇಲ್ಲ! ಬಿಡ್ರೀ ಅಕ್ಕ, ಒಂದು ನಿಮಿಷ! ಶಿಳ್ಳೆ, ಚಪ್ಪಾಳೆ, ರಾಮದಾಸ ಡಬರಿ ಬಡಿದ. ಆದರೆ ಅದು ಬಾಗಿಲು ಹಾಕಿಕೊಂಡ ಮೇಲೆ, ಯಾರ ಮುಖವೂ ಕಾಣದಾಗ. ಮುಖ ಕಂಡರೆ, ಭುಜದ ಪಟ್ಟಿ ಕಂಡರೆ — ನೋಡುವಾ ಅಂದರು ವೇದಕ್ಕ, ಈ ಸಲ ನಗಲಿಲ್ಲ, ಅಲ್ಲಿ ಕೋರ್ಟಲ್ಲಿ ನಿನ್ನ ಬಾಯಿಗೆ ನಾನು ಕೈ ಹಾಕಲಿಕ್ಕೆ ಆಗೂದಿಲ್ಲ ಭುವನ್, ಒಂದು ಯಾ ಅಂದರೆ ಕೇಸು ಮುಗೀತು, ಬ್ರೇಕಿನ ಮಾತು ಬರೂದೇ ಇಲ್ಲ, ಇಲ್ಲ ಅಂದರೆ ದೇವೇಂದ್ರ ಎದ್ದು ನಿಂತು ಸಾಕ್ಷಿ ಹೇಳಬೇಕು, ಉಳಿದದ್ದು ನನಗೆ ಬಿಡು.

ಓದು ನಿಂತಿತು. ಆರೋಪ ಅರ್ಥವಾಯಿತೇ, ಸೈನ್ಯದ ನ್ಯಾಯಾಧಿಕಾರಿ ಕೇಳುತ್ತಿದ್ದಾರೆ, ಅಧ್ಯಕ್ಷರ ಪಕ್ಕದ ತೆಳ್ಳಗಿನ ಮನುಷ್ಯ, ಕೈಯಲ್ಲಿ ನೀಲಿ ಪೆನ್ನು — ಯಾ ತುವಾನ್, ಇದಕ್ಕೆ ಪರವಾಗಿಲ್ಲ, ಇದು ನಿಜವೇ. ತಪ್ಪು ಒಪ್ಪಿಕೊಳ್ಳುತ್ತೀಯಾ? ಹಿಮ್ಮಡಿ ತಾನೇ ಜೋಡಿಸಿಕೊಂಡಿತು, ಗಲ್ಲ ಎದ್ದಿತು, ನಾನು ಎತ್ತಲಿಲ್ಲ, ಅದೇ ಎದ್ದಿತು, ನಾಲಿಗೆ ಆಗಲೇ ಯಾ ಅನ್ನುವ ಆಕಾರಕ್ಕೆ ಮಡಚಿಕೊಂಡಿದೆ, ಮತ್ತು ಅಲ್ಲಿ, ನಾನು ಬಾಯಿ ತೆರೆಯುವ ಮೊದಲೇ ಆ ಪೆನ್ನು ಕೆಳಗಿಳಿಯುತ್ತಿದೆ, ನನ್ನ ಉತ್ತರ ಅದಕ್ಕೆ ಬೇಕಾಗಿಯೇ ಇಲ್ಲ, ಎಷ್ಟು ಹುಡುಗರು ಇಲ್ಲಿ ನಿಂತು ಅಂದಿದ್ದರೋ ಅದನ್ನೇ, ಕೈಗೆ ಅಭ್ಯಾಸವಾಗಿ ತಾನೇ ಬರೆಯಲು ಹೊರಟಿದೆ, ಎಲಾ ಇವನ, ನಾನಿನ್ನೂ ಅಂದೇ ಇಲ್ಲವಲ್ಲೋ — ತಿಡಾಕ್, ತುವಾನ್! ಯಾರು ಕೂಗಿದ್ದು, ನಾನೇ, ಕಿಟಕಿಯ ಗಾಜು ಅದುರುವಷ್ಟು, ಇಲ್ಲ ಸಾರ್, ಬ್ರೇಕ್ ಹಿಡಿಯುತ್ತಿಲ್ಲ ಅಂತ ಹೇಳಿದ್ದೆ ಸಾರ್! ಹಿಂದೆ ಕುರ್ಚಿ ಕಿರುಗುಟ್ಟಿತು, ಆ ಪಾಲಿಶ್ ಬೂಟು ಇರಬೇಕು, ವೇದಕ್ಕ ಎದ್ದು ಏನೋ ಹೇಳುತ್ತಿದ್ದಾರೆ, ಅವರ ದನಿಯಲ್ಲಿ ನಗು ಇದೆ, ಕೇಳಿಸುತ್ತದೆ, ಆದರೆ ನಾನು ನೋಡುತ್ತಿರುವುದು ಪೆನ್ನನ್ನು, ನ್ಯಾಯಾಧಿಕಾರಿ ತಲೆ ಎತ್ತಿ ಮೊದಲ ಸಲ ನನ್ನ ಮುಖ ನೋಡುತ್ತಿದ್ದಾರೆ, ನಾನು ನೋಡುತ್ತಿರುವುದು ಪೆನ್ನನ್ನು, ಕಾಗದಕ್ಕೆ ಕೂದಲೆಳೆಯಷ್ಟು ಮೇಲೆ ಅದು ನಿಂತಿದೆ, ಪೆನ್ನು, ನಿಂತಿದೆ.